ಜಾತಿ ನಾಯಿಮರಿ ತರುವ ಮುನ್ನ: ಬೆಂಗಳೂರಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮರಿ ಮನೆಗೆ ಬಂದ ಮೇಲೆ ಏನು ತಿನ್ನಿಸಬೇಕು, ಎಲ್ಲಿ ಮಲಗಿಸಬೇಕು ಅಂತ ಕೇಳುವವರು ಬೇಕಾದಷ್ಟು ಜನ. ಎಲ್ಲಿಂದ ತರಬೇಕು ಅಂತ ಮೊದಲೇ ಕೇಳುವವರು ಕಡಿಮೆ. ಮುಂದಿನ ಹತ್ತು ಹನ್ನೆರಡು ವರ್ಷ ನೆಮ್ಮದಿಯೋ ಆಸ್ಪತ್ರೆಯ ಓಡಾಟವೋ ಅನ್ನುವುದು ಬಹುಮಟ್ಟಿಗೆ ಈ ಎರಡನೇ ಪ್ರಶ್ನೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಹಾಗಾಗಿ ಇಲ್ಲಿನ ಅರ್ಧ ಮಾತು ಬ್ರೀಡರ್, ಅಂದರೆ ಜಾತಿ ಮರಿ ಹುಟ್ಟಿಸಿ ಮಾರುವವರ ಬಗ್ಗೆಯೇ ಇದೆ. ಮರಿ ಈಗಾಗಲೇ ಮಡಿಲಲ್ಲಿ ಕೂತಿದ್ದರೆ ನೇರವಾಗಿ ಲಸಿಕೆಯ ಪ್ರಶ್ನೆಗೆ ಹೋಗಿ.

ಜಾತಿ ನಾಯಿಯೇ ಯಾಕೆ? ಬೀದಿ ಮರಿ ಸಾಕಬಾರದಾ?

ಧಾರಾಳವಾಗಿ ಸಾಕಬಹುದು. ನಮ್ಮ ಹವೆಗೆ ಒಗ್ಗಿದ ಗಟ್ಟಿಮುಟ್ಟಾದ ನಾಯಿ ಸಾಕು, ಇಂಥದ್ದೇ ಆಗಬೇಕೆಂಬ ಹಟ ಇಲ್ಲ ಅನ್ನುವವರಿಗೆ ನಾಟಿ ನಾಯಿಗಿಂತ ಒಳ್ಳೆಯದು ಸಿಗುವುದು ಕಷ್ಟ. ತಳಿ ನಾಯಿಯಿಂದ ಆಗುವ ಲಾಭ ಒಂದೇ. ದೊಡ್ಡದಾದಾಗ ಎಷ್ಟು ತೂಕ ತೂಗುತ್ತದೆ, ಎಷ್ಟು ಕೂದಲು ಉದುರಿಸುತ್ತದೆ, ಸ್ವಭಾವ ಯಾವ ಬಗೆಯದು ಅಂತ ಮೊದಲೇ ಅಂದಾಜು ಮಾಡಬಹುದು. ಆ ಅಂದಾಜು ನಿಜವಾಗುವುದು ತಂದೆ ತಾಯಿಯನ್ನು ಯೋಚಿಸಿ ಕೂಡಿಸಿದ್ದರೆ ಮಾತ್ರ. ಗೊತ್ತುಗುರಿಯಿಲ್ಲದೆ ಹುಟ್ಟಿಸಿದ ಲ್ಯಾಬ್ರಡಾರ್‌ಗೆ ದುಡ್ಡು ಸುರಿದರೆ ಇರುವ ಆ ಒಂದು ಲಾಭವೂ ಕೈತಪ್ಪುತ್ತದೆ.

ಎರಡು ಬೆಡ್‌ರೂಂ ಫ್ಲ್ಯಾಟ್‌ಗೆ ಯಾವ ತಳಿ ಸರಿ?

ಮನೆಯ ಚದರಡಿಗಿಂತ ಮನೆಯವರ ಸಮಯ ಮುಖ್ಯ. ದಿನಕ್ಕೆ ಎರಡು ಸಲ ಚೆನ್ನಾಗಿ ನಡೆಸುವವರಿದ್ದರೆ ಲ್ಯಾಬ್ರಡಾರ್ ಫ್ಲ್ಯಾಟ್‌ನಲ್ಲೂ ಸುಖವಾಗಿರುತ್ತದೆ. ಯಾರೂ ಹೊರಗೆ ಕರೆದೊಯ್ಯದಿದ್ದರೆ ದೊಡ್ಡ ಕಾಂಪೌಂಡಿನಲ್ಲಿರುವ ಬೀಗಲ್ ಕೂಡ ಇಡೀ ಬೀದಿ ಕೇಳುವಂತೆ ಊಳಿಡುತ್ತದೆ. ಬೀಗಲ್ ಮೊಲದ ವಾಸನೆ ಹಿಡಿದು ಓಡಲೆಂದೇ ಬೆಳೆಸಿದ ತಳಿ. ನೋಡಲು ಚಿಕ್ಕದು, ಮುದ್ದು ಅಂತ ತಂದವರಿಗೆ ಅದರ ಮೂಗೂ ಗಂಟಲೂ ಆಮೇಲೆ ಪರಿಚಯವಾಗುತ್ತವೆ. ಬಾರ್ಡರ್ ಕೋಲಿ ತಳಿಯದು ಕುರಿ ಕಾಯುವ ರಕ್ತ. ಕೆಲಸ ಕೊಡದಿದ್ದರೆ ಮನೆಯ ಮಕ್ಕಳನ್ನೇ ಕುರಿಯೆಂದು ಅಟ್ಟಲು ಶುರುಮಾಡುತ್ತದೆ.

ಹಸ್ಕಿಯ ಬಗ್ಗೆ ಬೇರೆಯಾಗಿ ಹೇಳಬೇಕು. ಬೆಂಗಳೂರು ತಂಪು ಊರು ಎಂಬ ಮಾತು ಹಿಡಿದುಕೊಂಡು ಜನ ಅದನ್ನು ತರುತ್ತಾರೆ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯಲು ಹುಟ್ಟಿದ, ಎರಡು ಪದರ ತುಪ್ಪಳದ ನಾಯಿಗೆ ನಮ್ಮ ಏಪ್ರಿಲ್ ತಂಪಲ್ಲ. ಹವಾನಿಯಂತ್ರಿತ ಕೋಣೆಯಲ್ಲಿಟ್ಟರೆ ಬಿಸಿಲಿನ ಸಮಸ್ಯೆ ತೀರಬಹುದು, ಮೈಲಿಗಟ್ಟಲೆ ಓಡಬೇಕೆಂಬ ಅದರ ಹಸಿವು ತೀರುವುದಿಲ್ಲ. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ.

ಪಗ್ ಮತ್ತು ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವು ಗೊರಕೆ ಹೊಡೆಯುವುದು ತಮಾಷೆಯ ವಿಷಯವಲ್ಲ, ಅದು ಉಸಿರಿನ ತೊಂದರೆ. ಸೆಕೆಯಲ್ಲಿ ಇವಕ್ಕೆ ಬೇಗ ಬಿಸಿಲ ಹೊಡೆತ ಬೀಳುತ್ತದೆ. ಫ್ರೆಂಚ್ ಬುಲ್‌ಡಾಗ್ ಮರಿಗಳಲ್ಲಿ ಬಹುಪಾಲು ಸಿಸೇರಿಯನ್ ಮಾಡಿಯೇ ಹೊರಬರುತ್ತವೆ. ತರುವುದೇ ಆದರೆ ಮೂಗಿನ ಹೊಳ್ಳೆ ಅಗಲವಾಗಿ ತೆರೆದಿರುವ, ನಾಲ್ಕು ಹೆಜ್ಜೆ ಓಡಿದರೂ ಗೊರಗೊರ ಅನ್ನದ ತಾಯಿಯ ಮರಿಯನ್ನೇ ಹುಡುಕಿ.

ಮುಧೋಳ ನಾಯಿಯನ್ನು ಬಿಡುವಂತಿಲ್ಲ, ನಮ್ಮದೇ ತಳಿ. ಕೂದಲು ಚಿಕ್ಕದು, ಬಿಸಿಲಿಗೆ ಒಗ್ಗಿದ ಮೈ, ಮನೆಯೊಳಗೆ ಆಶ್ಚರ್ಯವಾಗುವಷ್ಟು ಶಾಂತ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿದೆ, ಸೇನೆಯೂ ತರಬೇತಿಗೆ ತೆಗೆದುಕೊಂಡಿದೆ. ಆದರೆ ಅದು ಕಣ್ಣಿಗೆ ಬಿದ್ದುದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಬೆಲ್ಟ್ ಬಿಚ್ಚಿ ಬಿಟ್ಟರೆ ಬೆಕ್ಕೋ ಅಳಿಲೋ ಕಂಡ ಕ್ಷಣವೇ ಮಾಯ. ಹೊಸಬರ ಜೊತೆ ಸಲಿಗೆಯೂ ಕಡಿಮೆ. ಪಕ್ಕೆಲುಬು ಕಾಣುತ್ತದೆಂದು ಅತ್ತೆ ಮಾವ ಮರುಗಿ ತುಪ್ಪ ಅನ್ನ ಹಾಕದಂತೆ ನೋಡಿಕೊಳ್ಳಿ, ಅದರ ಮೈಕಟ್ಟೇ ಹಾಗೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ವಿಚಾರಣೆಯನ್ನು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಒಳ್ಳೆಯ ಬ್ರೀಡರ್ ಅಂತ ಗುರುತಿಸುವುದು ಹೇಗೆ?

ತಾಯಿಯನ್ನು ತೋರಿಸಿ ಅನ್ನಿ. ಉಳಿದದ್ದೆಲ್ಲ ಆಮೇಲೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಮನುಷ್ಯರ ವಿಷಯದಲ್ಲಿ ಎಷ್ಟು ನಿಜವೋ ಗೊತ್ತಿಲ್ಲ, ನಾಯಿಯ ವಿಷಯದಲ್ಲಂತೂ ಅಕ್ಷರಶಃ ನಿಜ. ಹೆದರುಪುಕ್ಕಿ ತಾಯಿಯ ಮರಿಗಳು ಹೆದರಿಕೆಯನ್ನು ರಕ್ತದಲ್ಲೂ ಪಡೆಯುತ್ತವೆ, ಅವಳ ಮಗ್ಗುಲಲ್ಲಿ ಮಲಗಿ ನೋಡಿಯೂ ಕಲಿಯುತ್ತವೆ. ಮರಿಗಳಿರುವ ತಾಯಿ ಹೊಸಬರನ್ನು ಕಂಡು ಸ್ವಲ್ಪ ಗುರ್ ಅನ್ನುವುದು ಸಹಜ. ಮಾಲೀಕರು ಪಕ್ಕದಲ್ಲಿ ನಿಂತು ಮಾತಾಡಿಸಿದಾಗಲೂ ಮೂಲೆಗೆ ಸರಿದು ನಡುಗಿದರೆ, ಇಲ್ಲವೇ ಮಾಲೀಕರನ್ನೇ ಕಂಡು ಬಾಲ ಮುದುಡಿಕೊಂಡರೆ, ಅಲ್ಲಿಂದ ಬಂದುಬಿಡಿ.

"ತಾಯಿ ಫಾರಂನಲ್ಲಿದೆ", "ಊರಿಗೆ ಕಳಿಸಿದ್ದೀವಿ", "ಈಗ ತೋರಿಸಿದರೆ ಇನ್‌ಫೆಕ್ಷನ್ ಆಗುತ್ತೆ". ಮೊದಲೆರಡು ಉತ್ತರ ಬಂದರೆ ಎದ್ದು ಬನ್ನಿ. ಮೂರನೆಯದರಲ್ಲಿ ಸ್ವಲ್ಪ ಸತ್ಯವಿದೆ. ಎಳೆ ಮರಿಗಳಿರುವ ಜಾಗಕ್ಕೆ ಕಂಡವರನ್ನೆಲ್ಲ ಬಿಡದಿರುವುದು ಜಾಣತನವೇ. ಅಂಥವರು ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ, ನಾಲ್ಕು ಮಾರು ದೂರದಿಂದಲಾದರೂ ತೋರಿಸುತ್ತಾರೆ. ತೋರಿಸುವುದೇ ಇಲ್ಲ ಅನ್ನುವವರು ಬೇರೆ.

ತಂದೆ ಅದೇ ಮನೆಯಲ್ಲಿ ಇರಬೇಕೆಂದಿಲ್ಲ. ಯೋಚನೆ ಮಾಡಿ ತಳಿ ಬೆಳೆಸುವವರು ಗಂಡನ್ನು ಹುಡುಕಿ ಚೆನ್ನೈಗೋ ಪುಣೆಗೋ ಹೋಗಿರುತ್ತಾರೆ. ಯಾಕೆ ಇದೇ ಗಂಡು ಅಂತ ಕೇಳಿ ನೋಡಿ. ನಿಜವಾದ ಬ್ರೀಡರ್ ಅರ್ಧ ಗಂಟೆ ಬಿಡದೆ ಹೇಳುತ್ತಾರೆ. ತಮ್ಮ ಹೆಣ್ಣಿನ ಭುಜದಲ್ಲಿ ಏನು ಕೊರತೆ ಇತ್ತು, ಆ ಗಂಡಿನ ಹಿಂದಿನ ಮರಿಗಳು ಹೇಗೆ ಬಂದವು, ಎಲ್ಲವೂ ಬರುತ್ತದೆ. ವ್ಯಾಪಾರಕ್ಕೆ ಕೂತವರು "ಚಾಂಪಿಯನ್ ಲೈನ್ ಸಾರ್" ಅಂದು ಮಾತು ಮುಗಿಸುತ್ತಾರೆ. ಇನ್ನೊಂದು ಸುಳಿವು: ಒಂದೋ ಎರಡೋ ತಳಿ ಸಾಕುವವರು ಸಾಮಾನ್ಯವಾಗಿ ಆಸಕ್ತಿಯಿಂದ ಸಾಕುವವರು. ಕೇಳಿದ ತಳಿಯೆಲ್ಲ ನಾಳೆಯೇ ತಯಾರು ಅನ್ನುವವರು ಮಧ್ಯವರ್ತಿಗಳು, ಅವರಿಗೂ ಆ ಮರಿ ಎಲ್ಲಿ ಹುಟ್ಟಿತೆಂದು ಗೊತ್ತಿರುವುದಿಲ್ಲ.

ಜಾಗವನ್ನು ಮೂಗಿನಿಂದಲೂ ನೋಡಿ. ಮರಿಗಳಿರುವ ಮನೆಯಲ್ಲಿ ಸ್ವಲ್ಪ ವಾಸನೆ ಇದ್ದದ್ದೇ. ಫಿನಾಯಿಲ್ ಸುರಿದು ಆ ವಾಸನೆಯನ್ನು ಮುಚ್ಚಿದ್ದಾರಾ, ನಿಜವಾಗಿ ತೊಳೆದಿದ್ದಾರಾ ಅನ್ನುವುದು ಒಳಗೆ ಕಾಲಿಟ್ಟ ತಕ್ಷಣ ತಿಳಿಯುತ್ತದೆ. ಮರಿಗಳು ಮನೆಯ ಸದ್ದುಗದ್ದಲದ ನಡುವೆ ಬೆಳೆಯುತ್ತಿವೆಯೋ, ತಾರಸಿಯ ಪಂಜರದಲ್ಲೋ? ಮಿಕ್ಸಿಯ ಸದ್ದು, ಮಕ್ಕಳ ಓಡಾಟ, ಕುಕ್ಕರ್ ವಿಶಲ್ ಕೇಳುತ್ತ ಬೆಳೆದ ಮರಿಗೂ ಪಂಜರದಲ್ಲಿ ಬೆಳೆದದ್ದಕ್ಕೂ ಅಜಗಜಾಂತರ. ಮೂರರಿಂದ ಸುಮಾರು ಹದಿನಾಲ್ಕು ವಾರದೊಳಗೆ ಮರಿ ಕಂಡದ್ದು ಕೇಳಿದ್ದನ್ನೆಲ್ಲ "ಇದು ಮಾಮೂಲು" ಎಂದು ಮನಸ್ಸಿಗೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಮೊದಲ ಐದು ವಾರ ಬ್ರೀಡರ್ ಕೈಯಲ್ಲೇ ಇರುತ್ತದೆ.

ಬ್ರೀಡರ್ ನಮ್ಮನ್ನೇ ಇಂಟರ್‌ವ್ಯೂ ಮಾಡಿದರು. ದುಡ್ಡು ಕೊಡುವವರು ನಾವು, ಅವರಿಗ್ಯಾಕೆ ಇಷ್ಟು ಜಂಭ?

ಜಂಭವಲ್ಲ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಬಾಡಿಗೆ ಮನೆಯೋ ಸ್ವಂತದ್ದೋ, ಮೊದಲು ಸಾಕಿದ ನಾಯಿ ಏನಾಯಿತು, ಎಲ್ಲರಿಗೂ ಒಪ್ಪಿಗೆ ಇದೆಯಾ ಅಂತ ಕೇಳುವವರು ನಾಳೆ ರಾತ್ರಿ ಹನ್ನೊಂದಕ್ಕೆ ಮರಿ ವಾಂತಿ ಮಾಡಿದಾಗ ನಿಮ್ಮ ಫೋನ್ ಎತ್ತುವವರು. "ಈ ಸಲ ನಿಮಗೆ ಕೊಡೋದಿಲ್ಲ" ಅನ್ನುವ ಧೈರ್ಯ ಇರುವ ಬ್ರೀಡರ್ ಸಿಕ್ಕರೆ ಬೇಸರ ಮಾಡಿಕೊಳ್ಳದೆ ಮುಂದಿನ ಸೂಲಿಗೆ ಹೆಸರು ಬರೆಸಿ. ಆರು ತಿಂಗಳು ಕಾಯಬೇಕಾಗಬಹುದು. ಒಂದೇ ಒಂದು ಪ್ರಶ್ನೆಯೂ ಕೇಳದೆ ಮರಿಯನ್ನು ಕೈಗಿಡುವವರ ಹತ್ತಿರ ಯಾಕೆ ಕೇಳಲಿಲ್ಲ ಅಂತ ಯೋಚಿಸಿ.

ಕಾನೂನು ಏನು ಹೇಳುತ್ತದೆ?

ನಾಯಿ ತಳಿ ಬೆಳೆಸುವುದಕ್ಕೂ ಮಾರುವುದಕ್ಕೂ ಕೇಂದ್ರ ಸರ್ಕಾರ 2017ರಲ್ಲಿ ಪ್ರತ್ಯೇಕ ನಿಯಮಗಳನ್ನು ತಂದಿದೆ. ಅದರ ಪ್ರಕಾರ ಬ್ರೀಡರ್ ಆದವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಯ ಚರ್ಮದಡಿ ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಹಾಕಿಸಿರಬೇಕು. ಹೆಣ್ಣಿಗೆ ಹದಿನೆಂಟು ತಿಂಗಳಾಗುವ ಮೊದಲು, ಎಂಟು ವರ್ಷ ದಾಟಿದ ಮೇಲೆ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಸಾಕುಪ್ರಾಣಿ ಅಂಗಡಿಗಳಿಗೆ 2018ರ ನಿಯಮಗಳು ಬೇರೆ ಇವೆ, ಅವುಗಳಿಗೂ ನೋಂದಣಿ ಕಡ್ಡಾಯ.

ನೋಂದಣಿ ಪತ್ರ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ತಾಯಿ ನಾಯಿಯ ವಯಸ್ಸೆಷ್ಟು, ಇದು ಎಷ್ಟನೇ ಸೂಲು, ಹಿಂದಿನದು ಯಾವಾಗ ಎಂಬ ಮೂರು ಪ್ರಶ್ನೆ ಕೇಳಿದರೆ ಬಹಳಷ್ಟು ಹೊರಬೀಳುತ್ತದೆ. ಮೊಲೆ ಜೋತುಬಿದ್ದು, ಕೂದಲು ಉದುರಿ, ಬೆನ್ನೆಲುಬು ಎದ್ದುಕೊಂಡಿರುವ ತಾಯಿಯ ಎದುರು ನಿಂತು "ಎರಡನೇ ಸೂಲು" ಅಂದರೆ ನಂಬಬೇಕಾಗಿಲ್ಲ.

ಕೆಸಿಐ ಪೇಪರ್ ಇದ್ದರೆ ಸಾಕಲ್ಲವೇ?

ಸಾಲದು. ಚೆನ್ನೈನಲ್ಲಿ ಮುಖ್ಯ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವುದು ವಂಶಾವಳಿಯ ದಾಖಲೆ. ಈ ಮರಿಯ ತಂದೆ ಯಾರು, ತಾಯಿ ಯಾರು ಅಂತ ಅದು ಹೇಳುತ್ತದೆ. ಸೊಂಟದ ಕೀಲು ಸರಿಯಿದೆಯೇ, ತಾಯಿಗೆ ಹೊಟ್ಟೆ ತುಂಬ ಊಟ ಸಿಕ್ಕಿದೆಯೇ ಅನ್ನುವುದು ಅದರ ಕೆಲಸವಲ್ಲ. ಹಾಗಂತ ಬೇಡದ ಕಾಗದವೂ ಅಲ್ಲ. ಮೈಕ್ರೋಚಿಪ್‌ನ ಹದಿನೈದು ಅಂಕಿ ಕಾಗದದ ಮೇಲಿನ ಅಂಕಿಗೆ ಹೊಂದುತ್ತದೆಯೇ ಅಂತ ಪಶುವೈದ್ಯರ ಹತ್ತಿರ ಸ್ಕ್ಯಾನರ್ ಹಿಡಿಸಿ ನೋಡಿ. "ಪೇಪರ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಒಂದು ರೇಟು" ಅಂತ ಒಂದೇ ಸೂಲಿನ ಮರಿಗಳಿಗೆ ಎರಡು ಬೆಲೆ ಹೇಳುವವರಿದ್ದಾರೆ. ಮರಿ ಅದೇ ಆಗಿರುವಾಗ ಆ ವ್ಯತ್ಯಾಸದ ದುಡ್ಡು ಯಾತಕ್ಕೆ ಅಂತ ಅವರನ್ನೇ ಕೇಳಿ.

ತಂದೆ ತಾಯಿಗೆ ಯಾವ ಆರೋಗ್ಯ ಪರೀಕ್ಷೆ ಮಾಡಿಸಿರಬೇಕು?

"ಲಸಿಕೆ ಎಲ್ಲಾ ಆಗಿದೆ, ಡಾಕ್ಟರ್ ನೋಡಿದ್ದಾರೆ" ಅನ್ನುವುದು ಈ ಪ್ರಶ್ನೆಗೆ ಉತ್ತರವಲ್ಲ. ಪ್ರತಿ ತಳಿಗೂ ಅದರದೇ ಆದ ದುರ್ಬಲ ಜಾಗವಿದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್‌ಗಳಲ್ಲಿ ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ ವಂಶದಲ್ಲಿ ಹರಿಯುತ್ತದೆ. ಮರಿಯನ್ನು ನೋಡಿದರೆ ಏನೂ ಕಾಣುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಮೊಲದಂತೆ ಹಿಂಗಾಲು ಜೋಡಿಸಿ ಕುಪ್ಪಳಿಸಲು ಶುರುಮಾಡಿದಾಗ ಗೊತ್ತಾಗುತ್ತದೆ. ಅದಕ್ಕೇ ತಂದೆ ತಾಯಿಯ ಸೊಂಟದ ಎಕ್ಸ್‌ರೇಯನ್ನು, ಎರಡು ವರ್ಷ ತುಂಬಿದ ಮೇಲೆ ತೆಗೆದದ್ದನ್ನು, ಕೇಳಬೇಕು. ಮೊಣಕೈ ಕೀಲಿನದೂ ಇದ್ದರೆ ಇನ್ನೂ ಒಳ್ಳೆಯದು. ಡಾಬರ್‌ಮನ್‌ಗೆ ಹೃದಯದ ಸ್ನಾಯು ಸೊರಗುವ ಕಾಯಿಲೆ, ಹಾಗಾಗಿ ಎಕೋ ಪರೀಕ್ಷೆ. ಡಾಲ್ಮೇಷಿಯನ್‌ನಲ್ಲಿ ಹುಟ್ಟುಗಿವುಡು ಸಾಮಾನ್ಯ. ಕಾಕರ್ ಸ್ಪ್ಯಾನಿಯಲ್ ಮತ್ತು ಲ್ಯಾಬ್ರಡಾರ್‌ಗಳಲ್ಲಿ ನಿಧಾನಕ್ಕೆ ಕಣ್ಣು ಕಾಣದಾಗುವ ಕಾಯಿಲೆಯಿದೆ, ಅದನ್ನು ಡಿಎನ್‌ಎ ಪರೀಕ್ಷೆಯಲ್ಲಿ ಹಿಡಿಯಬಹುದು. ಉದ್ದ ಬೆನ್ನಿನ ಡ್ಯಾಶ್‌ಹಂಡ್‌ಗೆ ಬೆನ್ನುಹುರಿಯ ಡಿಸ್ಕ್ ಜಾರುವ ಕಾಟ, ಆ ವಂಶದಲ್ಲಿ ಯಾರಿಗಾದರೂ ಹಾಗಾಗಿದೆಯೇ ಅಂತ ನೇರವಾಗಿ ಕೇಳಿ.

ನಮ್ಮಲ್ಲಿ ಇದನ್ನೆಲ್ಲ ಮಾಡಿಸುವ ಬ್ರೀಡರ್‌ಗಳು ಇನ್ನೂ ಕಡಿಮೆ. ಪಟ್ಟಿಯಲ್ಲಿರುವುದೆಲ್ಲ ಸಿಗದಿರಬಹುದು. ಆದರೆ ಪ್ರಶ್ನೆ ಕೇಳಿದಾಗ ಅವರ ಮುಖ ನೋಡಿ. "ಎಕ್ಸ್‌ರೇ ಇದೆ, ಕಣ್ಣಿನದು ಮಾಡಿಸಿಲ್ಲ, ಇವಳ ಅಜ್ಜಿಗೆ ಕೊನೆಗಾಲದಲ್ಲಿ ಕಾಲು ನೋವಿತ್ತು" ಅನ್ನುವವರ ಹತ್ತಿರ ಮರಿ ತೆಗೆದುಕೊಳ್ಳಬಹುದು. "ನಮ್ಮ ನಾಯಿಗಳಿಗೆ ಏನೂ ಬರೋದಿಲ್ಲ" ಅನ್ನುವವರ ಹತ್ತಿರ ಬೇಡ.

ಬಣ್ಣ, ಗಾತ್ರದ ಹೆಸರಿನಲ್ಲಿ ಹೆಚ್ಚು ದುಡ್ಡು ಕೇಳುವುದು ಈಗಿನ ಹೊಸ ಚಾಳಿ. "ಟೀ ಕಪ್" ಅಂತ ಯಾವ ತಳಿಯೂ ಇಲ್ಲ. ಚಿಕ್ಕದನ್ನು ಇನ್ನೂ ಚಿಕ್ಕದಾಗಿಸಿ ಮಾರುವ ಮರಿಗಳ ಮೂಳೆ ಸುಲಭಕ್ಕೆ ಮುರಿಯುತ್ತದೆ, ಒಂದು ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಕುಸಿಯುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ನೋಡಿದೆ, ಅಡ್ವಾನ್ಸ್ ಕಳಿಸಿದರೆ ಮನೆಗೇ ತಂದುಕೊಡುತ್ತಾರಂತೆ?

ಕಳಿಸಬೇಡಿ. ಮೊದಲು ಬುಕ್ಕಿಂಗ್, ಆಮೇಲೆ ಗಾಡಿ ಖರ್ಚು, ಆಮೇಲೆ ವಿಮೆ, ಆಮೇಲೆ ಫೋನ್ ಸ್ವಿಚ್ ಆಫ್. ಮೋಸವಲ್ಲದೆ ನಿಜವಾಗಿ ಮರಿ ಬಂದರೂ ಅದು ಎಲ್ಲಿಂದಲೋ ದಿನಗಟ್ಟಲೆ ಪೆಟ್ಟಿಗೆಯಲ್ಲಿ ಕೂತು, ಹತ್ತಾರು ಮರಿಗಳ ಜೊತೆ ಉಸಿರಾಡಿ ಬಂದಿರುತ್ತದೆ. ವಿಡಿಯೋ ಕಾಲ್‌ನಲ್ಲಿ ತಾಯಿ ಮರಿಗಳನ್ನು ಒಟ್ಟಿಗೆ ತೋರಿಸಿ ಅಂದರೆ ಬಹಳ ಜನ ಅಲ್ಲೇ ಜಾರಿಕೊಳ್ಳುತ್ತಾರೆ. ಮೆಜೆಸ್ಟಿಕ್‌ನಲ್ಲೋ ಯಾವುದೋ ಪೆಟ್ರೋಲ್ ಬಂಕ್ ಹತ್ತಿರವೋ ಬಂದು ಮರಿ ತೆಗೆದುಕೊಳ್ಳಿ ಅನ್ನುವವರಿಗೆ ತಮ್ಮ ಮನೆ ತೋರಿಸಲು ಏನೋ ತೊಂದರೆ ಇದೆ ಎಂದೇ ಅರ್ಥ. ಪಾಪ ಅನ್ನಿಸಿ, "ಇದನ್ನಾದರೂ ಉಳಿಸೋಣ" ಅಂತ ಅಲ್ಲಿಂದ ಕೊಂಡರೆ ಅದೇ ತಾಯಿಗೆ ಇನ್ನೊಂದು ಸೂಲು ಹೊರಿಸಿದಂತಾಗುತ್ತದೆ.

"45 ದಿನ ಆಗಿದೆ, ಈಗಲೇ ಒಯ್ಯಿರಿ, ಚೆನ್ನಾಗಿ ಹೊಂದಿಕೊಳ್ಳುತ್ತೆ" ಅನ್ನುತ್ತಾರೆ. ನಿಜವೇ?

ಸುಳ್ಳು, ಮೇಲಾಗಿ ನಿಯಮಕ್ಕೂ ವಿರುದ್ಧ. ಎಂಟು ವಾರ ಅಂದರೆ 56 ದಿನ. ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಅನ್ನುವುದನ್ನು ಮರಿ ಕೊನೆಯ ಆ ಎರಡು ವಾರಗಳಲ್ಲಿ ಒಡಹುಟ್ಟಿದವುಗಳ ಜೊತೆ ಗುದ್ದಾಡಿ ಕಲಿಯುತ್ತದೆ. ತಾಯಿಯೂ ಗದರಿ ಕಲಿಸುತ್ತಾಳೆ. ಆ ಪಾಠ ತಪ್ಪಿದರೆ ಅದನ್ನು ನಿಮ್ಮ ಮೊಣಕಾಲಿನ ಮೇಲೆ ಕಲಿಯುತ್ತದೆ. ಬ್ರೀಡರ್‌ಗೆ ಅವಸರ ಯಾಕೆಂದರೆ ಆರನೇ ವಾರದಿಂದ ಮರಿಗಳ ಊಟದ ಖರ್ಚು ಏರುತ್ತದೆ, ಮೊದಲ ಲಸಿಕೆಯ ಖರ್ಚೂ ಬರುತ್ತದೆ.

ಅಣ್ಣ ತಮ್ಮ ಅಂತ ಎರಡು ಮರಿ ಒಟ್ಟಿಗೆ ತರಬಹುದಾ?

ಬೇಡ. ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಿಮ್ಮ ಮಾತು ಕಿವಿಗೆ ಬೀಳುವುದಿಲ್ಲ. ಮೊದಲನೆಯದು ದೊಡ್ಡದಾಗಿ ಮಾತು ಕೇಳುವಂತಾದ ಮೇಲೆ ಎರಡನೆಯದು ನೋಡೋಣ.

ಮೊದಲ ರಾತ್ರಿ ಅಳುತ್ತದೆ. ಎತ್ತಿಕೊಂಡರೆ ಕೆಡುತ್ತದೆ ಅನ್ನುತ್ತಾರಲ್ಲ?

ಕೆಡುವುದಿಲ್ಲ. ಹುಟ್ಟಿದಂದಿನಿಂದ ಬೆಚ್ಚಗಿನ ರಾಶಿಯಲ್ಲಿ ಮಲಗಿದ್ದ ಜೀವ ಮೊದಲ ಸಲ ಒಂಟಿಯಾಗಿದೆ. ತಾಯಿಯ ವಾಸನೆ ಇರುವ ಒಂದು ಬಟ್ಟೆಯನ್ನು ಬ್ರೀಡರ್ ಹತ್ತಿರ ಕೇಳಿ ತನ್ನಿ. ಮರಿಯ ಹಾಸಿಗೆ ಅಥವಾ ಕ್ರೇಟ್ ನಿಮ್ಮ ಮಂಚದ ಪಕ್ಕವೇ ಇರಲಿ, ಕೈ ಇಳಿಬಿಟ್ಟರೆ ಅದರ ಮೂಗಿಗೆ ತಾಗುವಷ್ಟು ಹತ್ತಿರ. ಎರಡು ಮೂರು ವಾರದಲ್ಲಿ ನಿಧಾನಕ್ಕೆ ದೂರ ಸರಿಸಬಹುದು. ನಡುರಾತ್ರಿ ಒಂದೆರಡು ಸಲ ಮೂತ್ರಕ್ಕೆ ಎದ್ದೇಳಬೇಕು, ಅದರಿಂದ ತಪ್ಪಿಸಿಕೊಳ್ಳಲಾಗದು. ಶುಕ್ರವಾರ ಸಂಜೆಯ ಬದಲು ಶನಿವಾರ ಬೆಳಿಗ್ಗೆ ತನ್ನಿ, ಹಗಲು ಮನೆ ಪರಿಚಯವಾಗಿರುತ್ತದೆ. ಗೃಹಪ್ರವೇಶ, ಹುಟ್ಟುಹಬ್ಬ, ದೀಪಾವಳಿಯ ಮುಂಚಿನ ವಾರ ಮಾತ್ರ ಬೇಡವೇ ಬೇಡ. ಅಷ್ಟು ಜನರ ಮಡಿಲು, ಅಷ್ಟು ಪಟಾಕಿ ಮೊದಲ ವಾರಕ್ಕೆ ತೀರಾ ಹೆಚ್ಚು.

ಮರಿ ಬರುವ ಮುನ್ನ ನೆಲಕ್ಕೆ ಕೂತು ಅದರ ಎತ್ತರದಿಂದ ಮನೆ ನೋಡಿ. ಚಾರ್ಜರ್ ವೈರು, ಇಲಿ ಪಾಷಾಣ, ಬಾಲ್ಕನಿಯ ಕಂಬಿಗಳ ಸಂದು, ಕುಂಡದಲ್ಲಿರುವ ಕಣಗಿಲೆ, ಎಲ್ಲ ಕಾಣಿಸುತ್ತವೆ.

ಯಾವ ಲಸಿಕೆ, ಯಾವಾಗ? ಹೊರಗೆ ಕರೆದೊಯ್ಯುವುದು ಎಂದಿನಿಂದ?

ಆರರಿಂದ ಎಂಟು ವಾರದ ಒಳಗೆ ಪಾರ್ವೋ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆಗಳ ಮೊದಲ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ, ಕೊನೆಯದು ಹದಿನಾರು ವಾರ ತುಂಬಿದ ಮೇಲೆಯೇ ಬೀಳಬೇಕು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಅಲ್ಲಿಯವರೆಗೂ ಲಸಿಕೆಯನ್ನು ಹತ್ತಿಕ್ಕುತ್ತಿರಬಹುದು. "ಮೂರು ಇಂಜೆಕ್ಷನ್ ಆಯ್ತು, ಮುಗೀತು" ಅಂತ ಲೆಕ್ಕ ಹಾಕಬೇಡಿ, ವಾರದ ಲೆಕ್ಕ ನೋಡಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳುವಿನ ಔಷಧಿ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಬ್ರೀಡರ್ ಕೊಟ್ಟ ಕಾರ್ಡಿನಲ್ಲಿ ಲಸಿಕೆಯ ಸ್ಟಿಕ್ಕರ್, ವೈದ್ಯರ ಸಹಿ, ಮೊಹರು ಇರಲಿ. ಬರೀ ಪೆನ್ನಿನಲ್ಲಿ ದಿನಾಂಕ ಗೀಚಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಪಾರ್ವೋ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮರಿ ಮಂಕಾಗಿ, ಊಟ ಬಿಟ್ಟು, ವಾಂತಿ ಮಾಡಿ, ಕೆಟ್ಟ ವಾಸನೆಯ ರಕ್ತಭೇದಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಗಂಟೆಗಳ ಲೆಕ್ಕ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಯಲ್ಲಿ ಮನೆಗೆ ಬರುತ್ತದೆ. ಫಿನಾಯಿಲ್ ನಂಬಿ ಕೂರಬೇಡಿ, ಮೊದಲು ನೆಲ ತೊಳೆದು ಆಮೇಲೆ ನೀರು ಬೆರೆಸಿದ ಬ್ಲೀಚ್‌ನಿಂದ ಒರೆಸಬೇಕು. ಮನೆಯಲ್ಲಿ ಮೊದಲೇ ಪಾರ್ವೋದಿಂದ ಮರಿ ಹೋಗಿದ್ದರೆ ವರ್ಷದವರೆಗೆ ಎಳೆ ಮರಿ ತರದಿರುವುದು ಕ್ಷೇಮ.

ಹಾಗಂತ ನಾಲ್ಕು ತಿಂಗಳು ಮರಿಯನ್ನು ಮನೆಯಲ್ಲೇ ಕೂಡಿಹಾಕಿದರೆ ಇನ್ನೊಂದು ಅನಾಹುತ. ಲೋಕ ಪರಿಚಯವಾಗುವ ವಯಸ್ಸು ಅದೇ. ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಿ: ಹಾಲಿನ ಗಾಡಿ, ಬಿಎಂಟಿಸಿ ಬಸ್ಸು, ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ತರಕಾರಿಯವರ ಕೂಗು, ಲಿಫ್ಟ್. ಲಸಿಕೆ ಆಗಿರುವ ನಾಯಿಗಳಿರುವ ನೆಂಟರ ಮನೆಗೆ ಒಯ್ಯಬಹುದು. ಬೀದಿ ನಾಯಿಗಳು ಓಡಾಡುವ ನೆಲ, ಪಾರ್ಕಿನ ಹುಲ್ಲು ಬೇಡ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಸೇರುವ ನಾಯಿಗಳ ಗುಂಪಿನೊಳಗೆ ಇಳಿಸುವುದು ಕೊನೆಯ ಲಸಿಕೆಯಾಗಿ ಎರಡು ವಾರದ ನಂತರ.

ಮಳೆಗಾಲದಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ. ಇಲಿ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ. ರಕ್ತ ಹೀರುವ ಉಣ್ಣೆ ಹುಳುವಿನ (ಟಿಕ್) ಕಾಟ ಬೆಂಗಳೂರಿನಲ್ಲಿ ವರ್ಷವಿಡೀ ಇದೆ. ಬೆರಳ ಸಂದು, ಕಿವಿಯ ಒಳಗೆ ದಿನವೂ ನೋಡಿ. ಜ್ವರ, ಸುಸ್ತು, ಬಿಳಿಚಿದ ವಸಡು ಕಂಡರೆ ಟಿಕ್ ಫೀವರ್ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಖಾಸಗಿ ಆಸ್ಪತ್ರೆಗಳ ಜೊತೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗಳ ದಾರಿಯನ್ನೂ ತಿಳಿದುಕೊಂಡಿರಿ. ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅನ್ನುವುದನ್ನು ಮರಿ ಬರುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ನಾವು ಸಸ್ಯಾಹಾರಿಗಳು. ಮೊಸರನ್ನ, ರಾಗಿ ಹಾಕಿ ಬೆಳೆಸಬಹುದಾ?

ಮೊದಲ ವಾರ ಬ್ರೀಡರ್ ಹಾಕುತ್ತಿದ್ದುದನ್ನೇ ಹಾಕಿ, ಆಮೇಲೆ ದಿನಕ್ಕಿಷ್ಟು ಬೆರೆಸಿ ಬದಲಾಯಿಸಿ. ನಾಯಿ ಬರೀ ಮಾಂಸಾಹಾರಿ ಪ್ರಾಣಿಯಲ್ಲ, ಅನ್ನ ರಾಗಿ ಜೀರ್ಣವಾಗುತ್ತದೆ. ಆದರೆ ಬೆಳೆಯುವ ಮರಿಗೆ ಮೊಸರನ್ನವೊಂದೇ ಸಾಲುವುದಿಲ್ಲ, ಪ್ರೋಟೀನ್ ತೀರಾ ಕಡಿಮೆಯಾಗುತ್ತದೆ. ಮನೆಯಲ್ಲಿ ಮೊಟ್ಟೆಗಾದರೂ ಅನುಮತಿ ಇದ್ದರೆ ದಾರಿ ಸುಲಭ. ಅದೂ ಇಲ್ಲವೆಂದರೆ ಮರಿಗಳಿಗೆಂದೇ ಮಾಡಿದ, ತಳಿಯ ಗಾತ್ರಕ್ಕೆ ಹೊಂದುವ ಒಣ ಆಹಾರ ಒಳ್ಳೆಯದು, ಅದನ್ನು ಮುಟ್ಟಲು ಮಡಿಯವರೂ ಹೆಚ್ಚು ತಕರಾರು ಮಾಡುವುದಿಲ್ಲ. ಹಾಲು ಕೆಲವು ಮರಿಗಳಿಗೆ ಭೇದಿ ಮಾಡಿಸುತ್ತದೆ, ಮೊಸರು ಪರವಾಗಿಲ್ಲ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಆಮೇಲೆ ಮೂರು, ದೊಡ್ಡದಾದ ಮೇಲೆ ಎರಡು.

ಕ್ಯಾಲ್ಸಿಯಂ ಸಿರಪ್ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆಂದು ಅಂಗಡಿಯವರೆಲ್ಲ ಕೈಗಿಡುತ್ತಾರೆ. ಸಮತೋಲಿತ ಮರಿ ಆಹಾರ ತಿನ್ನುತ್ತಿರುವ ದೊಡ್ಡ ತಳಿಗೆ ಮೇಲಿಂದ ಕ್ಯಾಲ್ಸಿಯಂ ಸುರಿದರೆ ಮೂಳೆಯ ಬೆಳವಣಿಗೆಯೇ ಹದಗೆಡುತ್ತದೆ. ವೈದ್ಯರು ಬರೆದುಕೊಟ್ಟರೆ ಮಾತ್ರ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಪಾಯಸ, ಕೇಸರಿಬಾತ್ ಇದ್ದ ಹಬ್ಬದ ದಿನ ಎಲೆ ಎತ್ತುವಾಗ ಎಚ್ಚರ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಕೂಡ ಬೇಡ. ನಮ್ಮ ನೋವಿನ ಮಾತ್ರೆ, ಅದರಲ್ಲೂ ಐಬುಪ್ರೊಫೆನ್, ಅರ್ಧವೂ ಕೊಡಬಾರದು.

ಕಂಡಕಂಡಲ್ಲಿ ಮೂತ್ರ ಮಾಡುತ್ತದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಹೊಡೆಯಬಹುದಾ?

ಹೊಡೆದರೆ ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡುವುದನ್ನು ಕಲಿಯುತ್ತದೆ, ಅಷ್ಟೇ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ ಒಂದೇ ಜಾಗಕ್ಕೆ ಒಯ್ಯಿರಿ. ಲಸಿಕೆ ಮುಗಿಯುವವರೆಗೆ ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿದರೆ ಸಾಕು. ಸರಿಯಾದ ಜಾಗದಲ್ಲಿ ಮಾಡಿದ ಕ್ಷಣವೇ ತಿಂಡಿಯ ಒಂದು ಚೂರು ಕೊಡಿ. ಕಚ್ಚುವುದು ಹಲ್ಲು ಬದಲಾಗುವ ಆರೇಳು ತಿಂಗಳವರೆಗೂ ಇರುತ್ತದೆ, ಕೈಯ ಬದಲು ಆಟಿಕೆ ಬಾಯಿಗಿಡಿ. ಹಲ್ಲು ತಾಗಿ ಚರ್ಮ ಗೀರಿದ್ದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಮರಿ ಚಿಕ್ಕದು, ಮನೆಯದೇ ಎಂಬ ಉದಾಸೀನ ರೇಬಿಸ್ ವಿಷಯದಲ್ಲಿ ಸಲ್ಲದು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಾಯಿ ಸಾಕುವಂತಿಲ್ಲ ಅನ್ನುತ್ತಿದೆ. ಏನು ಮಾಡುವುದು?

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಸೋಸಿಯೇಷನ್ ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ಆ ಪ್ರತಿ ಕೈಯಲ್ಲಿರಲಿ, ಆದರೆ ಅದನ್ನು ಜಗಳಕ್ಕೆ ಮೊದಲ ಅಸ್ತ್ರ ಮಾಡಬೇಡಿ. ಸಾಮಾನ್ಯ ಜಾಗದಲ್ಲಿ ಬೆಲ್ಟ್ ಹಾಕಿ, ಮಲವನ್ನು ನೀವೇ ಎತ್ತಿ, ಹೆದರುವವರು ಲಿಫ್ಟಿನಲ್ಲಿದ್ದರೆ ಮುಂದಿನದಕ್ಕೆ ಕಾದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕರಾರಿನಲ್ಲೇ ಬರೆಸಿಕೊಳ್ಳಿ. ನಗರಪಾಲಿಕೆಯಿಂದ ನಾಯಿ ಲೈಸೆನ್ಸ್ ಮಾಡಿಸುವುದನ್ನೂ ಮರೆಯಬೇಡಿ, ಅದಕ್ಕೆ ರೇಬಿಸ್ ಲಸಿಕೆಯ ದಾಖಲೆ ಬೇಕು.

ರಾಟ್‌ವೈಲರ್ ನಿಷೇಧವಾಗಿದೆಯಂತೆ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್ ಸೇರಿ 23 ತಳಿಗಳ ಮೇಲೆ ನಿರ್ಬಂಧ ಹೇರುವಂತೆ ಸುತ್ತೋಲೆ ಹೊರಡಿಸಿತ್ತು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನು ಬಿಡಿ, ಮೊದಲ ನಾಯಿಯಾಗಿ ರಾಟ್‌ವೈಲರ್ ತರುವವರಿಗೆ ನನ್ನ ಮಾತು ಇಷ್ಟೇ. ಪೂರ್ತಿ ಬೆಳೆದ ಒಂದನ್ನು ಅದರ ಮನೆಗೆ ಹೋಗಿ ನೋಡಿ, ಅದನ್ನು ಹಿಡಿದು ಒಂದು ಸುತ್ತು ನಡೆದು ಬಂದು ಆಮೇಲೆ ತೀರ್ಮಾನಿಸಿ.

ಒಂದು ಸಲ ಮರಿ ಹಾಕಿಸಿದರೆ ಹೆಣ್ಣುನಾಯಿಗೆ ಒಳ್ಳೆಯದು ಅನ್ನುತ್ತಾರಲ್ಲ?

ಯಾವ ಒಳಿತೂ ಇಲ್ಲ. ಸಂತಾನಹರಣ ಆಪರೇಷನ್ ಮಾಡಿಸದ ಹೆಣ್ಣಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರಬಹುದು, ಅದು ಪ್ರಾಣಕ್ಕೇ ಕುತ್ತು. ಯಾವ ವಯಸ್ಸಿಗೆ ಆಪರೇಷನ್ ಎಂಬುದು ತಳಿಯ ಗಾತ್ರ ನೋಡಿ. ಚಿಕ್ಕ ತಳಿಗೆ ಬೇಗ, ದೊಡ್ಡವಕ್ಕೆ ಕೀಲು ಬಲಿಯಲೆಂದು ವರ್ಷ ದಾಟಿದ ಮೇಲೆ ಅನ್ನುವ ವೈದ್ಯರೇ ಹೆಚ್ಚು.

ತಂದ ಮೇಲೆ ಸಾಕಲಾಗದಿದ್ದರೆ?

ಬೆಂಗಳೂರಿನಲ್ಲಿ ವರ್ಗಾವಣೆ, ವಿದೇಶದ ಕೆಲಸ, ಮನೆಯಲ್ಲಿ ಕಾಯಿಲೆ ಯಾರಿಗೂ ತಪ್ಪಿದ್ದಲ್ಲ. ಮರಿ ತೆಗೆದುಕೊಳ್ಳುವ ದಿನವೇ ಬ್ರೀಡರ್‌ಗೆ ಈ ಪ್ರಶ್ನೆ ಹಾಕಿ. ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಬೇರೆಯವರಿಗೆ ಕೊಡುವ ಮೊದಲು ನನಗೆ ಹೇಳಬೇಕು ಅನ್ನುವ ಮಾತನ್ನು ಒಳ್ಳೆಯವರು ಕರಾರಿನಲ್ಲೇ ಬರೆಯುತ್ತಾರೆ. ಬ್ರೀಡರ್ ಒಪ್ಪದಿದ್ದರೆ ಪರಿಚಿತರಲ್ಲಿ ಮನೆ ಹುಡುಕಿ, ಹೊಸ ಮನೆಯನ್ನು ಕಣ್ಣಾರೆ ನೋಡಿ, ಮೈಕ್ರೋಚಿಪ್ ದಾಖಲೆಯನ್ನೂ ಲೈಸೆನ್ಸನ್ನೂ ಹೊಸಬರ ಹೆಸರಿಗೆ ಮಾಡಿಸಿ. 1991ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಕ್ಯುಪಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆ ಜನ ಬಿಟ್ಟುಹೋದ ಜಾತಿ ನಾಯಿಗಳಿಗೆಂದೇ ದತ್ತು ಕೇಂದ್ರವೊಂದನ್ನು ನಡೆಸುತ್ತದೆ. ಎಂಟು ವಾರದ ಮರಿಯೇ ಆಗಬೇಕೆಂಬ ಹಟವಿಲ್ಲದವರು, ಬ್ರೀಡರ್ ಹುಡುಕುವ ಮೊದಲು ಒಮ್ಮೆ ಅಲ್ಲಿಗೂ ಹೋಗಿ ನೋಡಬಹುದು.